ಗಡಿಯಾರದ ಅಂಕಿ, ಗೋಡೆಯ ಅಂಕಿ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಕೂಟದಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ನಾನು ಸಾಹಿತಿಯಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಬೆಳಗಿನಿಂದ ಸಂಜೆಯವರೆಗೆ ಅಂಕಿಗಳೊಡನೆ ಹೆಣಗುವವನಿಗೆ ಅಕ್ಷರಗಳ ಸಭೆಯಲ್ಲಿ ಏನು ಕೆಲಸ ಎಂದೆ. "ಹಾಗಾದರೆ ಅಂಕಿಗಳ ಮೇಲೆಯೇ ಮಾತನಾಡಿ" ಎಂದು ಅವರು ನನ್ನ ಬಾಯಿ ಮುಚ್ಚಿಸಿದರು. ತೆರೆಯಿಸಿದರು ಎನ್ನುವುದೇ ಸರಿ. ಆ ದಿನಗಳಲ್ಲಿಯೇ ನಮ್ಮ ಮನೆಯಲ್ಲಿ ಅಂಕಿಗಳ ವಿಷಯವಾಗಿ ಒಂದು ಘಟನೆ ನಡೆದಿದ್ದುದರಿಂದ, ಅದನ್ನೇ ತಮ್ಮ ಮುಂದೆ ಇಡಬಹುದೆಂದು ಧೈರ್ಯ ಮಾಡಿದೆ. ಸಂಚಿಕೆಯಲ್ಲಿ ಕನ್ನಡವಲ್ಲದ ಲಿಪಿ ಬರಬಾರದೆಂದು ಸಂಪಾದಕರ ಅಪ್ಪಣೆಯಾಗಿದೆ. ಆದುದರಿಂದ ರೋಮನ್ ಅಂಕಿಗಳನ್ನು ಅವುಗಳ ಅಕ್ಷರದ ಹೆಸರಿನಿಂದಲೇ ಬರೆದಿದ್ದೇನೆ; ಓದುಗರು ಕಣ್ಣಿನಲ್ಲಿ ಚಿತ್ರ ಮಾಡಿಕೊಳ್ಳಬೇಕು.

ನನ್ನ ಮಗಳು ದಿಲ್‌ಸುಖ್‌ನಗರದ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದಾಳೆ. ಒಂದು ಸಂಜೆ ಅವಳಿಗೆ ಒಂದರಿಂದ ನೂರರವರೆಗೆ ರೋಮನ್ ಅಂಕಿಗಳಲ್ಲಿ ಬರೆದುಕೊಂಡು ಬರಬೇಕೆಂದು ಮನೆಗೆಲಸ ಕೊಟ್ಟಿದ್ದರು. ನಾನು ಕೆಲಸದಿಂದ ಬಂದು ಚಹಾ ಕುಡಿಯುತ್ತಾ ಪಕ್ಕದಲ್ಲಿ ಕುಳಿತೆ. ಹೇಳಿಕೊಡುವ ಹುಮ್ಮಸ್ಸು ನನಗೆ. ಅಂಕಿಯ ವಿಷಯದಲ್ಲಿ ತಂದೆಯ ಗೌರವ ಉಳಿಸಿಕೊಳ್ಳುವುದು ಸುಲಭವೆಂದು ಭಾವಿಸಿದ್ದೆ. ನಲವತ್ತೆಂಟರವರೆಗೆ ಉಳಿಸಿಕೊಂಡೆ. ನಲವತ್ತೊಂಬತ್ತು ಬಂತು. ಎಲ್ ಎಂದರೆ ಐವತ್ತು, ಅದರ ಹಿಂದೆ ಒಂದು ಐ ಹಾಕಿದರೆ ಐವತ್ತಕ್ಕೆ ಒಂದು ಕಡಿಮೆ. ಐ-ಎಲ್ ಎಂದು ಬರೆ ಎಂದೆ. ಅವಳು ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿ, "ತಪ್ಪು ಅಪ್ಪಾ. ಎಕ್ಸ್-ಎಲ್-ಐ-ಎಕ್ಸ್" ಎಂದಳು. ಪುಸ್ತಕ ತೆರೆದು ನೋಡಿದರೆ ಅವಳದೇ ಸರಿ.

ಇದರ ನಿಯಮವನ್ನು ಅಂದು ನಾನು ಮಗಳಿಂದ ಕಲಿತೆ. ತಮ್ಮಲ್ಲಿಯೂ ಮಕ್ಕಳಿಗೆ ಹೇಳಿಕೊಡುವ ತಂದೆ ತಾಯಿಗಳು ಇರುವುದರಿಂದ ಹೇಳಿಬಿಡುತ್ತೇನೆ. ನನ್ನ ಗತಿ ನಿಮಗೆ ಬಾರದಿರಲಿ. ಅಕ್ಷರಗಳು ಏಳೇ. ಐ ಒಂದು, ವಿ ಐದು, ಎಕ್ಸ್ ಹತ್ತು, ಎಲ್ ಐವತ್ತು, ಸಿ ನೂರು, ಡಿ ಐನೂರು, ಎಮ್ ಸಾವಿರ. ದೊಡ್ಡದರ ಮುಂದೆ ಚಿಕ್ಕದು ಬಂದರೆ ಕೂಡಬೇಕು. ಹಿಂದೆ ಬಂದರೆ ಕಳೆಯಬೇಕು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದುದೇನೆಂದರೆ, ಯಾರು ಯಾರ ಹಿಂದೆ ಕೂಡಬಹುದು ಎಂಬುದಕ್ಕೆ ಇಲ್ಲಿ ಮದುವೆಮನೆಯ ಪಂಕ್ತಿಗಿಂತ ಕಟ್ಟುನಿಟ್ಟು. ಐ ಎಂಬುದು ವಿ ಮತ್ತು ಎಕ್ಸ್‌ಗಳ ಹಿಂದೆ ಮಾತ್ರ ನಿಲ್ಲಬಹುದು. ಎಲ್‌ನ ಹಿಂದೆ ನಿಲ್ಲುವ ಅಧಿಕಾರ ಅದಕ್ಕಿಲ್ಲ. ಎಕ್ಸ್ ಎಂಬುದು ಎಲ್ ಮತ್ತು ಸಿಗಳ ಹಿಂದೆ. ಸಿ ಎಂಬುದು ಡಿ ಮತ್ತು ಎಮ್‌ಗಳ ಹಿಂದೆ. ಐ, ಎಕ್ಸ್, ಸಿ, ಎಮ್‌ಗಳನ್ನು ಮೂರು ಸಾರಿಯವರೆಗೆ ಬರೆಯಬಹುದು. ವಿ, ಎಲ್, ಡಿಗಳನ್ನು ಎರಡನೆಯ ಸಾರಿ ಬರೆಯಕೂಡದು. ಆದುದರಿಂದ ನಲವತ್ತೊಂಬತ್ತನ್ನು ಮೊದಲು ನಲವತ್ತು, ಆಮೇಲೆ ಒಂಬತ್ತು ಎಂದು ಒಡೆಯಬೇಕು. ನಲವತ್ತು ಎಕ್ಸ್-ಎಲ್, ಒಂಬತ್ತು ಐ-ಎಕ್ಸ್. ಹೀಗೆ ಸ್ಥಾನ ಸ್ಥಾನವಾಗಿ ಒಡೆದುಕೊಂಡರೆ ತಪ್ಪುವುದಿಲ್ಲ. ನಮ್ಮ ನಾಡು ಒಂದಾದ ವರ್ಷ ೧೯೫೬. ಸಾವಿರಕ್ಕೆ ಎಮ್, ಒಂಬೈನೂರಕ್ಕೆ ಸಿ-ಎಮ್, ಐವತ್ತಕ್ಕೆ ಎಲ್, ಆರಕ್ಕೆ ವಿ-ಐ. ಆರು ಅಕ್ಷರಗಳಲ್ಲಿ ಮುಗಿಯಿತು. ೧೮೮೮ ಬರೆಯಬೇಕಾದರೆ ಮಾತ್ರ ಹದಿಮೂರು ಅಕ್ಷರಗಳು ಬೇಕು. ಆ ವರ್ಷ ಹುಟ್ಟಿದವರ ಸಮಾಧಿಯ ಕಲ್ಲು ಕೆತ್ತಿದವನಿಗೆ ಹೆಚ್ಚು ಕೂಲಿ ಕೊಟ್ಟಿರಬೇಕು.

ನಿಯಮ ಕಲಿತ ಉತ್ಸಾಹದಲ್ಲಿ ಅವಳು ಗೋಡೆಯ ಗಡಿಯಾರವನ್ನು ನೋಡಿ, ಗಡಿಯಾರವೇ ತಪ್ಪು ಎಂದಳು. ನಮ್ಮದು ಹಳೆಯ ಗಡಿಯಾರ; ರೋಮನ್ ಅಂಕಿಯದು. ಅದರಲ್ಲಿ ನಾಲ್ಕನ್ನು ಐ-ವಿ ಎಂದು ಬರೆಯದೆ ನಾಲ್ಕು ಗೀಟು ಹಾಕಿದ್ದಾರೆ. ಮೂರಕ್ಕಿಂತ ಹೆಚ್ಚು ಗೀಟು ಹಾಕಕೂಡದೆಂದು ಪುಸ್ತಕ ಹೇಳುತ್ತದಲ್ಲ! ವಿಚಾರಿಸಿ ನೋಡಿದರೆ ಇದು ಗಡಿಯಾರ ಮಾಡುವವರ ಹಳೆಯ ಸಂಪ್ರದಾಯವಂತೆ; ಎದುರಿಗಿರುವ ಎಂಟು ನಾಲ್ಕು ಅಕ್ಷರಗಳದಾದ್ದರಿಂದ ಈ ಕಡೆಯೂ ನಾಲ್ಕು ಗೀಟಿದ್ದರೆ ಮುಖ ಸರಿದೂಗುತ್ತದೆ ಎಂದು ಹೇಳುವುದುಂಟು. ಲಂಡನ್ನಿನ ಬಿಗ್ ಬೆನ್ ಗೋಪುರದ ಗಡಿಯಾರ ಮಾತ್ರ ಪುಸ್ತಕದ ಪ್ರಕಾರ ಐ-ವಿ ಎಂದೇ ಬರೆದುಕೊಂಡಿದೆ. ಮಗಳಿಗೆ ಇದರಿಂದ ಸಮಾಧಾನವಾಗಲಿಲ್ಲ. ನಿಯಮವೆಂದರೆ ಎಲ್ಲರಿಗೂ ಒಂದೇ ಇರಬೇಕು ಎಂಬುದು ಆ ವಯಸ್ಸಿನ ನ್ಯಾಯ.

ಆ ದಿನಗಳಲ್ಲಿ ನಮ್ಮ ತಂದೆಯವರು ನಮ್ಮಲ್ಲಿಗೆ ಬಂದಿದ್ದರು. ಊರು ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ. ವಯಸ್ಸು ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆಯೂ ಜೊತೆಗಿದೆ. ಮೊಮ್ಮಗಳ ಪಕ್ಕದಲ್ಲಿ ಕುಳಿತು ಕನ್ನಡಕ ಏರಿಸಿ ನೋಡಿದರು.

"ಏನ್ ಬರಿಯಾಕತ್ತೀಯವ್ವಾ?"

"ರೋಮನ್ ಅಂಕಿ, ಮುತ್ಯಾ."

"ಯಾರದವು?"

"ರೋಮಿನವರವು. ಎರಡು ಸಾವಿರ ವರ್ಷದ ಹಿಂದಿನವು."

"ಅವ್ರು ಈಗೂ ಇದರಾಗ ಲೆಕ್ಕ ಬರೀತಾರೇನು?"

"ಇಲ್ಲ ಮುತ್ಯಾ. ಅವರೂ ನಮ್ಮ ಹಾಗೇ ಒನ್ ಟೂ ಬರೀತಾರೆ."

"ಮತ್ತ ನಿನಗ್ಯಾಕ?"

"ಪರೀಕ್ಷೆಯಲ್ಲಿ ಎರಡು ಮಾರ್ಕು."

ಮುತ್ಯಾನಿಗೆ ಇದು ಒಪ್ಪಿಗೆಯಾದಂತೆ ಕಂಡಿತು. ಅವರು ಸೊಂಟದ ಸಂಚಿಯನ್ನು ಬಿಚ್ಚಿ ಎರಡು ಹಳೆಯ ನಾಣ್ಯಗಳನ್ನು ತೆಗೆದು ಅವಳ ಪುಸ್ತಕದ ಮೇಲಿಟ್ಟರು. ತಮ್ಮ ತಂದೆಯಿಂದ ಬಂದವು. ಅವನ್ನು ಬಿಟ್ಟು ಅವರು ಎಲ್ಲಿಗೂ ಹೋಗುವುದಿಲ್ಲ. ಒಂದು ಆರನೆಯ ಜಾರ್ಜನ ರೂಪಾಯಿ. ಅದರ ಮೇಲೆ ರಾಜನ ಹೆಸರಿನ ಪಕ್ಕದಲ್ಲಿ ವಿ-ಐ ಎಂಬುದನ್ನು ಮಗಳು ಕೂಡಲೇ ಓದಿ ಕುಣಿದಳು. ಇನ್ನೊಂದು ನಿಜಾಮರ ಕಾಲದ ರೂಪಾಯಿ. ಒಂದು ಮುಖದಲ್ಲಿ ಚಾರ್‌ಮಿನಾರ್. ಅದರ ಮೇಲಿನ ವರ್ಷವನ್ನು ಉರ್ದು ಅಂಕಿಗಳಲ್ಲಿ ಬರೆದಿದೆ. ಅದನ್ನು ಮಗಳಾಗಲಿ ನಾನಾಗಲಿ ಓದಲಾರೆವು. ನಮ್ಮ ಅಜ್ಜ ಓದುತ್ತಿದ್ದರು. ಆಗ ಬೀದರ, ಕಲಬುರಗಿ, ರಾಯಚೂರು ಎಲ್ಲವೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು; ದಫ್ತರಿನ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಮಾತನಾಡಿದವರೂ ಕಂದಾಯದ ಕಾಗದದಲ್ಲಿ ಉರ್ದು ಅಂಕಿಯನ್ನೇ ಓದಬೇಕಾಗಿತ್ತು. ಅದರ ಜೊತೆಗೆ ಹಾಲಿ ಸಿಕ್ಕಾ ಬೇರೆ, ಬ್ರಿಟಿಷರ ಕಲದಾರ ಬೇರೆ. ಏಳು ಹಾಲಿ ರೂಪಾಯಿಗೆ ಆರು ಕಲದಾರ. ನೂರು ಕಲದಾರಕ್ಕೆ ನೂರಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ ಹಾಲಿ ಎಂದು ಅಜ್ಜ ಕಾಗದವಿಲ್ಲದೆ ಹೇಳುತ್ತಿದ್ದರಂತೆ. ಈಗ ಯಂತ್ರವಿಲ್ಲದೆ ನಾನು ಹೇಳಲಾರೆ.

೧೯೪೮ರಲ್ಲಿ ಸಂಸ್ಥಾನ ಹೋಯಿತು. ೧೯೫೬ರ ನವೆಂಬರ್ ೧ರಂದು ನಮ್ಮ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಮ್ಮ ತಂದೆಯವರು ಆ ಕಾಲದಲ್ಲಿ ಪಾಟಿ ಹಿಡಿದು ಶಾಲೆಗೆ ಹೋದವರು. ನಮ್ಮ ಮನೆತನದಲ್ಲಿ ಕನ್ನಡ ಅಂಕಿಗಳಲ್ಲಿ ಲೆಕ್ಕ ಬರೆದವರಲ್ಲಿ ಅವರೇ ಮೊದಲಿಗರು. ಇಂದಿಗೂ ಅವರು ಕಿರ್ದಿ ಬರೆಯುವುದು ಕನ್ನಡ ಅಂಕಿಗಳಲ್ಲಿಯೇ: ಹತ್ತಿಬೀಜ ಇಷ್ಟು, ಕೂಲಿ ಇಷ್ಟು, ಎತ್ತಿನ ಲಾಳಕ್ಕೆ ಇಷ್ಟು. ನಾನು ಊರಿನ ಶಾಲೆಯಲ್ಲಿ ಅವನ್ನು ಕಲಿತೆ, ಕಲಬುರಗಿಯಲ್ಲಿ ಬಿ.ಕಾಂ. ಮಾಡುವಾಗ ಮರೆಯಲಾರಂಭಿಸಿದೆ, ಇಲ್ಲಿಗೆ ಬಂದ ಮೇಲೆ ಬಿಟ್ಟೇಬಿಟ್ಟೆ. ನನ್ನ ಮಗಳು ಅವನ್ನು ಕಂಡೇ ಇರಲಿಲ್ಲ. ಇದು ನನಗೆ ಒಂದು ಕೊರತೆಯೆಂದು ಅದುವರೆಗೆ ತೋರಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಭಾನುವಾರ ಅಕ್ಷರ ತಿದ್ದುತ್ತಾಳೆ; ಶಾಲೆಯಲ್ಲಿ ೨೦೧೮ರ ಕಾಯಿದೆಯ ಪ್ರಕಾರ ತೆಲುಗು ಕಲಿಯಬೇಕು, ಹಿಂದಿಯೂ ಇದೆ. ಇಷ್ಟರ ಮೇಲೆ ಅಂಕಿಯೂ ಏಕೆ ಎಂದೇ ನನ್ನ ಮತವಾಗಿತ್ತು.

ಈಗ ಆ ಮಧ್ಯಾಹ್ನದ ಸಂಗತಿ.

ನನ್ನ ಹೆಂಡತಿ ತಂಗಿಯ ಮದುವೆಯ ಮಾತುಕತೆಗೆಂದು ಕಲಬುರಗಿಗೆ ಹೊರಟಿದ್ದಳು. ಮಗಳಿಗೆ ಶಾಲೆಗೆ ರಜ. ಮನೆಯಲ್ಲಿ ಮುತ್ಯಾ ಮತ್ತು ಮೊಮ್ಮಗಳು ಇಬ್ಬರೇ. ನಾನು ಕ್ಯಾಶ್ ಕೌಂಟರಿನಲ್ಲಿ. ಆ ಹೊತ್ತಿನಲ್ಲಿ ಫೋನು ಡ್ರಾಯರಿನೊಳಗೆ ಇರುತ್ತದೆ, ಇರಲೇಬೇಕು. ತಂದೆಯವರು ಬೆಳಿಗ್ಗೆ ಸಕ್ಕರೆಯ ಮಾತ್ರೆ ನುಂಗಿ, ಸೊಸೆ ಇಲ್ಲದ ಮನೆಯಲ್ಲಿ ಅಡುಗೆಯ ತೊಂದರೆ ಯಾರಿಗೂ ಬೇಡವೆಂದು ಉಪವಾಸದಂತೆ ಕುಳಿತಿದ್ದರು. ಒಂದು ಗಂಟೆಯ ಹೊತ್ತಿಗೆ ಮೈಯೆಲ್ಲ ಬೆವರಿತು, ಕೈ ನಡುಗಿತು, ಮಾತು ತೊದಲಿತು. ಮಗು ಹೆದರಿತು. ನನಗೆ ಫೋನು ಮಾಡಿತು. ಡ್ರಾಯರು ಉತ್ತರ ಕೊಡಲಿಲ್ಲ. ತಾಯಿಗೆ ಮಾಡಿತು, ತಾಂಡೂರು ದಾಟಿದ ರೈಲಿನಲ್ಲಿ ಸಿಗ್ನಲ್ ಇರಲಿಲ್ಲ. ೧೦೮ ಎಂಬ ಸಂಖ್ಯೆಯನ್ನು ನಾವು ಅವಳಿಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಅದು ನಮಗೆ ಆಮೇಲೆ ಹೊಳೆಯಿತು. ಮುತ್ಯಾ ಗೋಡೆಯ ಕಡೆಗೆ ಕೈ ತೋರಿಸಿ, "ಡಾಕ್ಟರ್... ನಂಬರ್..." ಎಂದರಂತೆ.

ಸಂಖ್ಯೆ ಗೋಡೆಯ ಮೇಲಿತ್ತು. ನಮ್ಮ ಬೀದಿಯ ಡಾಕ್ಟರರ ನಂಬರನ್ನು ತಂದೆಯವರು ಬಂದ ದಿನವೇ ಕೇಳಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಿಂದ ದೊಡ್ಡದಾಗಿ, ಯಾರಿಗೂ ಕಾಣುವಂತೆ ಬರೆದಿಟ್ಟಿದ್ದರು. ಬಾಡಿಗೆಯ ಮನೆಯ ಗೋಡೆ. ನಾನು ಅಂದು ಸ್ವಲ್ಪ ಗೊಣಗಿಯೂ ಇದ್ದೆ. ಬರೆದದ್ದು ಕನ್ನಡ ಅಂಕಿಗಳಲ್ಲಿ.

ಹತ್ತು ಅಂಕಿಗಳ ಮುಂದೆ ಮಗು ನಿಂತಿತು. ೨ನ್ನು ಎರಡು ಎಂದು ಸರಿಯಾಗಿಯೇ ಊಹಿಸಿತು. ೪ನ್ನು ಎಂಟೆಂದುಕೊಂಡಿತು. ೧ ಮತ್ತು ೦ ಎರಡನ್ನೂ ಸೊನ್ನೆ ಎಂದುಕೊಂಡಿತು. ೬ ಮತ್ತು ೯ರಲ್ಲಿ ಒಂದಕ್ಕೊಂದನ್ನು ಅದಲುಬದಲು ಮಾಡಿ ಎರಡು ಮೂರು ಸಾರಿ ಒತ್ತಿತು. ಪ್ರತಿಸಾರಿಯೂ ಆ ಸಂಖ್ಯೆ ಇಲ್ಲವೆಂದು ಯಾರೋ ಒಬ್ಬಾಕೆ ತೆಲುಗಿನಲ್ಲಿ ವಿನಯದಿಂದ ಹೇಳಿದಳು.

ಆಮೇಲೆ ಅವಳು ಮಾಡಿದ ಕೆಲಸವನ್ನು ನಾನು ಎಷ್ಟು ಸಾರಿ ನೆನೆದರೂ ಸಾಲದು. ಎದುರುಮನೆಯ ಬಾಗಿಲು ತಟ್ಟಿದಳು. ಅಲ್ಲಿ ಎಂಬತ್ತು ಸಮೀಪಿಸಿದ ಒಬ್ಬ ತೆಲುಗು ಅಮ್ಮಮ್ಮ ಇದ್ದಾರೆ; ಪಂಚಾಂಗ ನೋಡಿ ಊರವರಿಗೆಲ್ಲ ತಿಥಿ ಹೇಳುವವರು. ಅವರು ಕೋಲೂರಿಕೊಂಡು ಬಂದು, ಗೋಡೆಯ ಮುಂದೆ ನಿಂತು, "ಇವಿ ಮಾ ಅಂಕೆಲೇ ಕದಮ್ಮಾ" ಎಂದರಂತೆ. ಇವು ನಮ್ಮ ಅಂಕಿಗಳೇ ಅಲ್ಲವೇ ಎಂದು! ಒಂದೊಂದಾಗಿ ಓದುತ್ತಾ ಹೋದರು; ಆರರಲ್ಲಿ ಮಾತ್ರ ಕೊಂಚ ತಡೆದು, ಆಮೇಲೆ ಸರಿಯಾಗಿಯೇ ಹೇಳಿದರು. ಮಗು ಒತ್ತಿತು. ಡಾಕ್ಟರು ಸಿಕ್ಕಿದರು. ಎಚ್ಚರವಿದ್ದರೆ ಮೊದಲು ಸಕ್ಕರೆ ನೀರು ಕುಡಿಸಿ, ಬಂದೆ ಎಂದರು. ಕಾಲುಗಂಟೆಯಲ್ಲಿ ಬಂದೇ ಬಂದರು. ನಾನು ಡ್ರಾಯರು ತೆರೆದು, ಮಲಕಪೇಟೆಯಿಂದ ಓಡಿಬರುವ ಹೊತ್ತಿಗೆ ತಂದೆಯವರು ಗೋಡೆಗೊರಗಿ ಕುಳಿತು ಎದುರುಮನೆಯಿಂದ ಬಂದ ಪಪ್ಪು ಅನ್ನ ಉಣ್ಣುತ್ತಿದ್ದರು. ಅಮ್ಮಮ್ಮನವರು ಎದುರಿಗೆ ಕುಳಿತು ಮಾತ್ರೆ ನುಂಗಿ ಉಣ್ಣದೆ ಇರಬಹುದೇ ಎಂದು ತೆಲುಗಿನಲ್ಲಿ ಬಯ್ಯುತ್ತಿದ್ದರು.

ಮಗಳು ಒಂದು ಮೂಲೆಯಲ್ಲಿ ಕುಳಿತಿದ್ದಳು. ಎಲ್ಲರೂ ಜಾಣೆ ಎಂದು ಹೊಗಳಿದರೂ ಅವಳ ಮುಖ ಅರಳಲಿಲ್ಲ. ರಾತ್ರಿ ಮಲಗುವಾಗ, "ನನಗೆ ನೂರರವರೆಗೆ ಬರುತ್ತದೆ ಅಪ್ಪಾ. ಅದು ರೋಮನ್‌ನಲ್ಲಿ ಬರೆದಿದ್ದರೆ ನಾನೇ ಓದುತ್ತಿದ್ದೆ" ಎಂದಳು. ನಾನು ಏನೂ ಹೇಳಲಿಲ್ಲ.

ಹೇಳಲಾರದೆ ಇರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ನಮ್ಮ ಕೌಂಟರಿಗೆ ಒಬ್ಬ ಮುದುಕಿ ಬಂದಿದ್ದಳು. ಕಟ್ಟಡದ ಕೆಲಸಕ್ಕೆ ಯಾದಗಿರಿಯ ಕಡೆಯಿಂದ ಬಂದವರ ಗುಂಪಿನವಳು. ಹಣ ತೆಗೆಯುವ ಚೀಟಿಯಲ್ಲಿ ಮೊತ್ತವನ್ನು ತನ್ನ ಕೈಯಾರೆ, ಕಷ್ಟಪಟ್ಟು, ಕನ್ನಡ ಅಂಕಿಯಲ್ಲಿ ಬರೆದಿದ್ದಳು. ನನಗೆ ಓದಲು ಬರುತ್ತಿತ್ತು. ಆದರೂ ನಾನು, ಹಿಂದೆ ಸಾಲು ಬೆಳೆಯುತ್ತಿದೆ ಎಂಬ ನೆವದಿಂದ, ಇಂಗ್ಲಿಷ್ ಅಂಕಿಯಲ್ಲಿ ಬರೆಸಿಕೊಂಡು ಬಾ ಎಂದು ಕನ್ನಡದಲ್ಲಿಯೇ ಹೇಳಿ ಕಳುಹಿಸಿದೆ. ಅವಳು ಬರೆದುಕೊಡುವವರನ್ನು ಹುಡುಕುತ್ತಾ ಬಹಳ ಹೊತ್ತು ನಿಂತಿದ್ದಳು. ಇದು ಬ್ಯಾಂಕಿನ ತಪ್ಪಲ್ಲ, ನನ್ನದು. ಆ ರಾತ್ರಿ ಅವಳು ನೆನಪಿಗೆ ಬಂದಳು.

ಆ ಮುದುಕಿಗೆ ನಾನು "ಇಂಗ್ಲಿಷ್ ಅಂಕಿ" ಎಂದೆನಲ್ಲ, ಅದೂ ತಪ್ಪೇ. ಈ ವಿಷಯದಲ್ಲಿ ಸ್ವಲ್ಪ ಓದಿದ್ದನ್ನು ಹೇಳುತ್ತೇನೆ. ವಾಣಿಜ್ಯದ ವಿದ್ಯಾರ್ಥಿಯಾದ್ದರಿಂದ ನನಗೆ ರುಚಿಸಿದ ಭಾಗ. ರೋಮನರು ತಮ್ಮ ಅಂಕಿಗಳಿಂದ ಲೆಕ್ಕ ಮಾಡುತ್ತಿರಲಿಲ್ಲ. ಮಾಡಿದ ಲೆಕ್ಕವನ್ನು ಬರೆದಿಡುತ್ತಿದ್ದರು, ಅಷ್ಟೆ. ಲೆಕ್ಕ ನಡೆಯುತ್ತಿದ್ದುದು ಹಲಗೆಯ ಮೇಲೆ ಹರಳುಗಳನ್ನು ಸರಿಸುವುದರಿಂದ. ಆ ಹರಳಿಗೆ ಲ್ಯಾಟಿನ್ನಿನಲ್ಲಿ ಕ್ಯಾಲ್ಕುಲಸ್ ಎನ್ನುತ್ತಾರೆ. ನಮ್ಮ ಮೇಜಿನ ಮೇಲಿನ ಕ್ಯಾಲ್ಕುಲೇಟರಿನ ಹೆಸರು ಆ ಕಲ್ಲಿನಿಂದ ಬಂದದ್ದು. ಸೊನ್ನೆ ಇಲ್ಲದ, ಸ್ಥಾನಬೆಲೆ ಇಲ್ಲದ ಅಂಕಿಗಳಿಂದ ಮೂವತ್ತೆಂಟನ್ನು ಇಪ್ಪತ್ತನಾಲ್ಕರಿಂದ ಗುಣಿಸಿ ನೋಡಿರಿ. ಹರಳು ಏಕೆ ಬೇಕಾಯಿತೆಂದು ತಿಳಿಯುತ್ತದೆ. ಒಂಬತ್ತು ಅಂಕಿ ಮತ್ತು ಸೊನ್ನೆಯ ನಮ್ಮ ಪದ್ಧತಿ ಇಲ್ಲಿಂದ ಅರಬ್ಬರಿಗೆ, ಅರಬ್ಬರಿಂದ ಯೂರೋಪಿಗೆ ಹೋಯಿತು. ಪೀಸಾ ನಗರದ ಫಿಬೊನಾಚಿ ೧೨೦೨ರಲ್ಲಿ ಬರೆದ ಪುಸ್ತಕದಲ್ಲಿ ಅವನ್ನು ಭಾರತೀಯರ ಅಂಕಿಗಳೆಂದೇ ಕರೆದು ವರ್ತಕರಿಗೆ ಕಲಿಸಿದ. ಆದರೆ ೧೨೯೯ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯದವರ ಸಂಘ, ಎಂದರೆ ನಮ್ಮ ಕಸುಬಿನ ಪೂರ್ವಿಕರು, ಲೆಕ್ಕದ ಪುಸ್ತಕದಲ್ಲಿ ಈ ಹೊಸ ಅಂಕಿಗಳನ್ನು ಬಳಸಕೂಡದೆಂದು ನಿಷೇಧಿಸಿತು. ಸೊನ್ನೆಗೆ ಒಂದು ಬಾಲ ಎಳೆದರೆ ಆರು ಅಥವಾ ಒಂಬತ್ತಾಗುತ್ತದೆ ಎಂಬ ಭಯ ಆಗಿನವರಿಗಿತ್ತು. ರೋಮನ್ ಅಂಕಿಯಲ್ಲಿಯೂ ಕಳ್ಳರಿಗೆ ದಾರಿ ಇಲ್ಲದಿರಲಿಲ್ಲ. ಮೂರು ಗೀಟಿನ ಪಕ್ಕದಲ್ಲಿ ಇನ್ನೊಂದು ಗೀಟು ಹಾಕುವುದು ಎಷ್ಟರ ಕೆಲಸ? ಅದಕ್ಕಾಗಿ ಕೊನೆಯ ಐ ಅಕ್ಷರಕ್ಕೆ ಕೆಳಗೆ ಬಾಲ ಕೊಟ್ಟು ಜೆಯಂತೆ ಬರೆದು ಮುಗಿಸುತ್ತಿದ್ದರು. ನಾವು ಚೆಕ್ಕಿನಲ್ಲಿ "ಮಾತ್ರ" ಎಂದು ಬರೆದು ಗೀಟೆಳೆಯುವುದೂ ಇದೇ ಉದ್ದೇಶದಿಂದ. ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತವೆಂದು ೧೮೮೧ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ೧೮ನೆಯ ಕಲಮು ಹೇಳುತ್ತದೆ. ಅಂಕಿಯ ಮೇಲೆ ಕಾನೂನಿಗೆ ಇಂದಿಗೂ ಪೂರ್ತಿ ನಂಬಿಕೆಯಿಲ್ಲ.

ಇನ್ನು ನಮ್ಮ ಸಂವಿಧಾನ. ಕೇಂದ್ರ ಸರ್ಕಾರದ ಕೆಲಸಕ್ಕೆ ಯಾವ ಅಂಕಿ ಎಂಬುದರ ಮೇಲೆ ಸಂವಿಧಾನ ಸಭೆಯಲ್ಲಿ ಭಾಷೆಯ ಪ್ರಶ್ನೆಯಷ್ಟೇ ಕಾವಿನ ಚರ್ಚೆಯಾಯಿತು. ೧೯೪೯ರ ಸೆಪ್ಟೆಂಬರ್ ೧೪ರಂದು ಒಪ್ಪಂದವಾಯಿತು. ೩೪೩ನೆಯ ಅನುಚ್ಛೇದದಲ್ಲಿ ಅದನ್ನು "ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ" ಎಂದು ಕರೆದಿದ್ದಾರೆ. ಇಂಗ್ಲಿಷರದಲ್ಲ, ಊರೂರು ಸುತ್ತಿ, ವೇಷ ಬದಲಿಸಿ, ಮನೆಗೆ ಮರಳಿದ ನಮ್ಮವೇ. ತಮಾಷೆಯೆಂದರೆ, ಹೀಗೆ ಹೇಳುವ ಅನುಚ್ಛೇದ ಇರುವುದು ಸಂವಿಧಾನದ ಹದಿನೇಳನೆಯ ಭಾಗದಲ್ಲಿ. ಇಂಗ್ಲಿಷ್ ಪ್ರತಿಯಲ್ಲಿ ಆ ಹದಿನೇಳನ್ನು ಎಕ್ಸ್-ವಿ-ಐ-ಐ ಎಂದು ರೋಮನ್ ಅಂಕಿಯಲ್ಲಿಯೇ ಅಚ್ಚು ಮಾಡಿದ್ದಾರೆ. ಮಗಳ ಎರಡು ಮಾರ್ಕು ಅಲ್ಲಿ ಉಪಯೋಗಕ್ಕೆ ಬರಬಹುದು.

ಅಂದು ನನ್ನ ಹೆಂಡತಿಯ ಫೋನಿಗೆ ಸಿಗ್ನಲ್ ಬಂದು ಅವಳು ಗಾಬರಿಯಿಂದ ಮಾತನಾಡಿದಾಗ ರೈಲು ಸೇಡಂ ದಾಟಿ ಮಳಖೇಡ ರೋಡ್ ನಿಲ್ದಾಣದ ಹತ್ತಿರವಿತ್ತು. ಈ ದಾರಿಯಲ್ಲಿ ನಾವೆಲ್ಲರೂ ಎಷ್ಟೋ ಸಾರಿ ಓಡಾಡಿದ್ದೇವೆ; ಕಿಟಕಿಯ ಹೊರಗೆ ಸಿಮೆಂಟು ಕಾರ್ಖಾನೆಯ ಧೂಳು ನೋಡಿ ಗಾಜು ಇಳಿಸಿದ್ದೇವೆ. ಅದು ಮಾನ್ಯಖೇಟ, ಕಾಚಿಗೂಡದಲ್ಲಿ ಕನ್ನಡಿಗರು ಕಟ್ಟಿದ ಶಾಲೆ ಯಾವ ನೃಪತುಂಗನ ಹೆಸರನ್ನು ಹೊತ್ತಿದೆಯೋ, ಆತನ ರಾಜಧಾನಿ. ಸುಮಾರು ೮೫೦ರಲ್ಲಿ ಆತನ ಆಶ್ರಯದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದನು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅಂದೇ ಕಂಡುಕೊಂಡವನು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದೂ ಬರೆದ; ಅದು ತಪ್ಪು, ಆದರೆ ರೋಮನರಿಗೆ ಇಂಥ ತಪ್ಪು ಮಾಡುವುದಕ್ಕೂ ಸೊನ್ನೆ ಇರಲಿಲ್ಲ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಕಂಠಪಾಠದ ಮಗ್ಗಿ, ಕಾಲು ಅರೆ ಮುಕ್ಕಾಲಿನ ಲೆಕ್ಕ, ಬಟ್ಟೆಗೆ ಮಸಿ ಬಳಿದು ಮಡಿಸಿದ ಕಡತದ ಮೇಲೆ ಬಳಪದಲ್ಲಿ ಬರೆದ ಜಮಾಖರ್ಚು, ಇವೆಲ್ಲ ನಮ್ಮ ಹಿರಿಯರ ವಾಣಿಜ್ಯ ಶಿಕ್ಷಣ. ಬಿ.ಕಾಂ.ನಲ್ಲಿ ನನಗೆ ಇದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕನ್ನಡ ಅಂಕಿಯಲ್ಲಿಯೇ ಬ್ಯಾಂಕು ನಡೆಯಬೇಕೆಂದು ನಾನು ವಾದಿಸುತ್ತಿಲ್ಲ. ನಡೆಯದು. ಅಂತರರಾಷ್ಟ್ರೀಯ ಅಂಕಿ ಅನುಕೂಲವಾಗಿದೆ, ನಮ್ಮದೂ ಆಗಿದೆ. ನೋಟಿನ ಹಿಂಭಾಗದ ಹದಿನೈದು ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಕನ್ನಡ. ಅದರಲ್ಲಿಯೂ ಇರುವುದು ಅಕ್ಷರವೇ ಹೊರತು ಅಂಕಿಯಲ್ಲ. ೨೦೧೬ರಿಂದ ಬಂದ ಹೊಸ ನೋಟುಗಳ ಮೇಲೆ ದೇವನಾಗರಿ ಅಂಕಿಯೂ ಇದೆ. ಇರಲಿ. ನನ್ನ ಮಾತು ಮನೆಯ ಗೋಡೆಯದು. ನಮ್ಮ ತಂದೆ ತಾಯಿಗಳು ಬರೆದ ಕಾಗದ, ಹೊಲದ ಲೆಕ್ಕ, ಹುಟ್ಟಿದ ತಿಥಿ ಬರೆದಿಟ್ಟ ಪಂಚಾಂಗದ ಅಂಚು, ಸಾಲ ಕೊಟ್ಟ ಚೀಟಿ, ಊರಿನ ಬಸ್ಸಿನ ಹಣೆ, ಕೆಲವು ಮೈಲಿಗಲ್ಲು, ಇವುಗಳ ಮುಂದೆ ನಮ್ಮ ಮಕ್ಕಳು ಉರ್ದು ನಾಣ್ಯದ ಮುಂದೆ ನಾನು ನಿಂತ ಹಾಗೆ ನಿಲ್ಲುತ್ತಾರೆ. ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಕಂಬದ ನಂಬರು ಹೇಳದಿದ್ದರೆ ಮನೆಗೆ ದಾರಿ ಸಿಗುವುದಿಲ್ಲವೆಂದು ನಾವು ಕಂಬದ ನಂಬರನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ!

ಕಲಿಯುವುದೇನೂ ಕಷ್ಟವಲ್ಲ. ರೋಮನ್ ಅಂಕಿಗೆ ಇರುವ ಹಿಂದೆ ಮುಂದೆ ಎಂಬ ಗೋಜು ಇಲ್ಲಿಲ್ಲ. ಸ್ಥಾನಬೆಲೆ ಮಕ್ಕಳಿಗೆ ಆಗಲೇ ಗೊತ್ತಿರುವುದರಿಂದ ಹತ್ತು ಆಕೃತಿಗಳನ್ನು ಗುರುತ್ತಿಸಿದರೆ ಮುಗಿಯಿತು. ನನ್ನ ಮಗಳಿಗೆ ತಂದೆಯವರು ಊರಿಗೆ ಹಿಂತಿರುಗುವ ಮೊದಲು ಎರಡು ಸಂಜೆಗಳಲ್ಲಿ ಕಲಿಸಿದರು. ೧ ಎಂದರೆ ಬಾಯಿ ತೆರೆದ ಸೊನ್ನೆ ಎಂದು ಹೇಳಿಕೊಟ್ಟರು. ಬಾಯಿ ಮುಚ್ಚಿದರೆ ಒಂದು ಹೋಗಿ ಏನೂ ಉಳಿಯುವುದಿಲ್ಲ ಎಂದರು. ೪ಕ್ಕೆ ಮೇಲೆ ಎರಡು ಕೋಡು. ಕೋಡಿದ್ದರೆ ಅದು ಎತ್ತು, ಎಂಟಲ್ಲ. ಎತ್ತಿಗೆ ನಾಲ್ಕು ಕಾಲು. ೬ ಮತ್ತು ೯ನ್ನು ಮಾತ್ರ ಇಪ್ಪತ್ತೈದು ಸಾರಿ ತಿದ್ದಿಸಿದರು. ಮೂರನೆಯ ದಿನ ಅವಳು ಎದುರುಮನೆಗೆ ಹೋಗಿ ಅಮ್ಮಮ್ಮನವರ ತೆಲುಗು ಪಂಚಾಂಗದ ತಾರೀಖುಗಳನ್ನು ಓದಿ ತೋರಿಸಿ, ಬೆಲ್ಲದ ಅರಿಸೆಲು ಸಂಪಾದಿಸಿಕೊಂಡು ಬಂದಳು. ಗೋಡೆಯ ಮೇಲಿನ ನಂಬರನ್ನು ಅಳಿಸಬೇಕೆಂದಿದ್ದೆ, ಬೇಡವೆಂದಳು. ಅದರ ಕೆಳಗೆ ಅಂತರರಾಷ್ಟ್ರೀಯ ರೂಪದಲ್ಲಿ ಒಮ್ಮೆ ಬರೆದು, ಅದರ ಪಕ್ಕದಲ್ಲಿ ೧೦೮ನ್ನು ಕನ್ನಡದಲ್ಲಿ ಬರೆದಿದ್ದಾಳೆ. ಅದರ ಕೆಳಗೆ ಸಿ-ವಿ-ಐ-ಐ-ಐ ಎಂದೂ ಇದೆ. ಮನೆಯ ಮಾಲೀಕರು ಇನ್ನೂ ನೋಡಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಯಾವ ಅಂಕಿಯ ಗಡಿಯಾರವಾದರೂ ಹೊತ್ತು ಒಂದೇ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಅಕ್ಷರ ತಿದ್ದುವ ತರಗತಿ ಮುಗಿದ ಮೇಲೆ, ಇದೇ ಸಭಾಭವನದಲ್ಲಿ ಅರ್ಧ ಗಂಟೆ ಅಂಕಿಗಳನ್ನು ಕಲಿಸುವುದಕ್ಕೆ ಕಾರ್ಯದರ್ಶಿಗಳು ಒಪ್ಪಿದ್ದಾರೆ. ಮಕ್ಕಳ ಜೊತೆಗೆ ಮರೆತ ತಂದೆತಾಯಿಗಳೂ ಬರಬಹುದು. ನಾಚಿಕೆ ಬೇಡ, ಮೊದಲ ಸಾಲಿನಲ್ಲಿ ನಾನೇ ಕೂಡುತ್ತೇನೆ. ಮನೆಯಲ್ಲಿ ಹಿರಿಯರು ಬರೆದ ಹಳೆಯ ಲೆಕ್ಕದ ಪುಸ್ತಕವೋ ಕಾಗದವೋ ಇದ್ದರೆ ಒಂದೊಂದು ಹಾಳೆ ತನ್ನಿರಿ, ಓದಿ ನೋಡೋಣ. ಬಳಪ ನಾನು ತರುತ್ತೇನೆ. ಪಾಟಿಯನ್ನು ನೀವು ತರಬೇಕು.